ಕೆಂದಳಿಲು ಮತ್ತು ಸರಳೆ ಸಿಳ್ಳಾರ: ಇವೆರಡನ್ನು ಹೋಲಿಸುವುದು ಹೇಗೆ?

ಹಳ್ಳದಾಚೆ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಯಲ್ಲಾಪುರದ ಹತ್ತಿರ. ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮರ ಹತ್ತುವ ಒಂದು ದಂಶಕ (ಇಲಿ, ಅಳಿಲಿನ ಹಾಗೆ ಕಡಿದು ತಿನ್ನುವ ಪ್ರಾಣಿ), ಕಾಡಿನಲ್ಲಿ ಹಾಡುವ ಒಂದು ಹಕ್ಕಿ, ಎರಡನ್ನೂ ಹೋಲಿಸಿ ಬರೆಯಬೇಕಂತೆ. ಅವಳು ಕೆಂದಳಿಲು ಮತ್ತು ಸರಳೆ ಸಿಳ್ಳಾರ ಆರಿಸಿಕೊಂಡಿದ್ದಾಳೆ. ಕಾರಣ ದೊಡ್ಡದೇನಲ್ಲ. ಎರಡೂ ನಮ್ಮ ಜಗುಲಿಯಿಂದಲೇ ಕಾಣುತ್ತವೆ.

ಮೊದಲ ದಿನವೇ ಒಂದು ಪಟ್ಟಿ ಮಾಡಿ ಮುಗಿಸಿದಳು. ಒಂದಕ್ಕೆ ಕೂದಲು, ಒಂದಕ್ಕೆ ಗರಿ. ಒಂದು ಮರಿ ಹಾಕುತ್ತದೆ, ಒಂದು ಮೊಟ್ಟೆ ಇಡುತ್ತದೆ. ಒಂದಕ್ಕೆ ಹಲ್ಲು, ಒಂದಕ್ಕೆ ಕೊಕ್ಕು. ಎರಡು ನಿಮಿಷದ ಕೆಲಸ. ಆಮೇಲೆ ಅವಳೇ ಕೇಳಿದಳು, "ಅಪ್ಪಾ, ಹಸು ಮತ್ತು ಕೋಳಿಗೂ ಇದೇ ಪಟ್ಟಿ ಬರೆಯಬಹುದಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ಹಲಸಿನ ಮರದಲ್ಲಿ ಕೆಂದಳಿಲು ತಲೆಕೆಳಗಾಗಿ ಜೋತುಬಿದ್ದಿತ್ತು. ಹಿಂಗಾಲು ಎರಡರಲ್ಲೇ ಕೊಂಬೆ ಹಿಡಿದು, ಮುಂಗೈಯಲ್ಲಿ ಏನನ್ನೋ ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು. ಅದೇ ಹೊತ್ತಿಗೆ ಕೆಳಗೆ ಹಳ್ಳದಲ್ಲಿ ಸಿಳ್ಳಾರ ಸಿಳ್ಳೆ ಹಾಕುತ್ತಿತ್ತು. ಎರಡರ ನಡುವೆ ಏನೋ ಒಂದು ನಂಟು ಇದೆ ಅನಿಸಿತು, ಹೇಳಲಿಕ್ಕೆ ಬರಲಿಲ್ಲ. ಕಾಡು ತಿಳಿದವರು ಸ್ವಲ್ಪ ದಾರಿ ತೋರಿಸಿ.

ಕೊಕ್ಕೋ ಕಾಯುವವ

ಹೋಲಿಕೆ ನಾನು ಹೇಳುತ್ತೇನೆ. ಒಂದು ನನ್ನ ಕೊಕ್ಕೋ ತಿನ್ನುತ್ತದೆ, ಇನ್ನೊಂದು ತಿನ್ನುವುದಿಲ್ಲ. ಮುಗಿಯಿತು.

ತಮಾಷೆ ಅಲ್ಲ ಮಾರಾಯ್ರೆ. ಅಡಿಕೆ ತೋಟದ ನಡುವೆ ಕೊಕ್ಕೋ ಹಾಕಿದ್ದೇನೆ. ಕಾಯಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಕಾಯಿ ಕೊರೆದು, ಬೀಜದ ಸುತ್ತಲಿನ ಸಿಹಿ ಲೋಳೆ ತಿಂದು, ಖಾಲಿ ಡಬ್ಬಿ ಮರದಲ್ಲೇ ಬಿಟ್ಟು ಹೋಗುತ್ತದೆ. ದೂರದಿಂದ ನೋಡಿದರೆ ಫಸಲು ಚೆನ್ನಾಗಿದೆ ಅನಿಸುತ್ತದೆ. ಹತ್ತಿರ ಹೋದರೆ ತೂತು. ಎಳನೀರನ್ನೂ ಬಿಡುವುದಿಲ್ಲ. ಜಗುಲಿಯಲ್ಲಿ ಕುಳಿತು ನೋಡುವವರಿಗೆ ಚಂದ, ತೋಟ ಮಾಡುವವರಿಗೆ ಅಲ್ಲ.

ಕಾಲುದಾರಿ

ತೋಟದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಹುಡುಗಿಯ ಪ್ರಶ್ನೆ. ಹಸು ಕೋಳಿಗೂ ಇದೇ ಪಟ್ಟಿ ಆಗುತ್ತದೆ ಅಂದಳಲ್ಲ, ಅಲ್ಲೇ ಅವಳು ಅರ್ಧ ಪ್ರಾಜೆಕ್ಟ್ ಮುಗಿಸಿದ್ದಾಳೆ. ವರ್ಗ ಹೋಲಿಸಬೇಡಿ. ಒಂದೇ ಕೆಲಸವನ್ನು ಎರಡೂ ಹೇಗೆ ಮಾಡುತ್ತವೆ ಅಂತ ನೋಡಿ. ಕೊಂಬೆ ಹಿಡಿಯುವುದು ಒಂದು ಕೆಲಸ. ಕೂಗುವುದು ಒಂದು ಕೆಲಸ. ಗೂಡು ಕಟ್ಟುವುದು ಒಂದು ಕೆಲಸ.

ಹಿಡಿತದಿಂದ ಶುರು ಮಾಡೋಣ, ಹೇಗೂ ಅವಳು ಅದನ್ನೇ ಕಂಡಿದ್ದಾಳೆ. ಕೆಂದಳಿಲು ಮರದಿಂದ ಇಳಿಯುವಾಗ ತಲೆ ಕೆಳಗೆ ಮಾಡಿ ಇಳಿಯುತ್ತದೆ. ಬೆಕ್ಕಿಗೆ ಅದು ಬರುವುದಿಲ್ಲ. ಬೆಕ್ಕು ಸರಸರ ಹತ್ತಿಬಿಡುತ್ತದೆ, ಇಳಿಯುವಾಗ ಹಿಂದೆ ಹಿಂದೆ ಸರಿಯುತ್ತಾ ಒದ್ದಾಡುತ್ತದೆ. ಅಳಿಲಿನ ಹಿಂಗಾಲಿನ ಹರಡು, ಅಂದರೆ ಪಾದದ ಗಂಟು, ಹಿಂದಕ್ಕೆ ತಿರುಗುತ್ತದೆ. ತಲೆ ಕೆಳಗಿದ್ದರೂ ಹಿಂಗಾಲಿನ ಉಗುರು ಮೇಲ್ಮುಖವಾಗಿ ತೊಗಟೆಗೆ ಕೊಕ್ಕೆ ಹಾಕಿದ ಹಾಗೆ ನಿಲ್ಲುತ್ತದೆ. ಒಂದೂವರೆ ಎರಡು ಕಿಲೋ ತೂಗುವ ಪ್ರಾಣಿ ಅದರಲ್ಲೇ ಜೋತಾಡಿಕೊಂಡು ಊಟ ಮಾಡುತ್ತದೆ. ನಮ್ಮ ಮನೆ ಮಾಡಿನ ಮೇಲೆ ಓಡುವ ಮೂರು ಗೆರೆ ಅಳಿಲು ನೂರು ಗ್ರಾಂ ಆಸುಪಾಸು. ಲೆಕ್ಕ ಹಾಕಿಕೊಳ್ಳಿ.

ಬಾಲ ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಉದ್ದ. ಜೋತುಬಿದ್ದಾಗ ಅದು ಕೊಂಬೆಯ ಆ ಕಡೆ ಇಳಿಬಿದ್ದು ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ ತೂಕ ಸರಿದೂಗಿಸುತ್ತದೆ. ಮರದಿಂದ ಮರಕ್ಕೆ ಆರು ಮೀಟರಿನವರೆಗೂ ಹಾರುತ್ತದೆ.

ಈಗ ಸಿಳ್ಳಾರ. ಗಾತ್ರ ಸುಮಾರು 25 ಸೆಂಟಿಮೀಟರ್, ಗೊರವಂಕಕ್ಕಿಂತ ಸ್ವಲ್ಪ ದಪ್ಪ ಅನ್ನಿ. ಮೂರು ಬೆರಳು ಮುಂದೆ, ಒಂದು ಹಿಂದೆ. ಕಾಲು ಮಡಚಿ ಕುಳಿತಾಗ ಒಳಗಿನ ಸ್ನಾಯುರಜ್ಜು ಎಳೆದುಕೊಂಡು ಬೆರಳು ಬಿಗಿಯಲು ನೆರವಾಗುತ್ತದೆ. ನಿದ್ದೆಯಲ್ಲೂ ಹಕ್ಕಿ ಬೀಳದಿರುವುದರಲ್ಲಿ ಅದರ ಪಾಲೂ ಇದೆ. ಆದರೆ ಸಿಳ್ಳಾರದ ಕಾಲು ಕೊಂಬೆಗಿಂತ ಜಾಸ್ತಿ ಕಲ್ಲಿಗೆ ಹೊಂದಿದ್ದು. ಗಟ್ಟಿ, ಕಪ್ಪು, ಉದ್ದ ಕಾಲು. ಪಾಚಿ ಹಿಡಿದ ಬಂಡೆಯಿಂದ ಬಂಡೆಗೆ ಕುಪ್ಪಳಿಸುತ್ತದೆ, ಜಾರುವುದಿಲ್ಲ. ನಾನು ಅದೇ ಬಂಡೆಯಲ್ಲಿ ಎರಡು ಸಲ ಬಿದ್ದಿದ್ದೇನೆ.

ಹಳ್ಳದಾಚೆ ಮನೆ

ಕಾಲುದಾರಿಯವರೆ, ತುಂಬಾ ಉಪಕಾರ ಆಯಿತು. ಮಗಳಿಗೆ ಓದಿ ಹೇಳಿದೆ. ಬೆಕ್ಕಿನ ವಿಷಯಕ್ಕೆ ತಕ್ಷಣ ಮನೆ ಬೆಕ್ಕನ್ನು ಎತ್ತಿ ಪೇರಲೆ ಮರಕ್ಕೆ ಬಿಟ್ಟಳು. ನೀವು ಹೇಳಿದ್ದು ಸರಿ. ಬೆಕ್ಕು ಹಿಂದೆ ಹಿಂದೆಯೇ ಇಳಿಯಿತು, ಇಳಿದ ಮೇಲೆ ನಮ್ಮನ್ನು ಬೈದ ಹಾಗೆ ಕೂಗಿತು.

ಇನ್ನೊಂದು ಸಂಶಯ ಅವಳದ್ದು. ಸಿಳ್ಳಾರ ಹಳ್ಳದ ನೆರಳಲ್ಲಿ ಕುಳಿತಾಗ ಕಾಗೆಯ ಹಾಗೆ ಕಪ್ಪು. ಬಿಸಿಲು ಬಿದ್ದ ಕೂಡಲೇ ಹಣೆ ಮತ್ತು ಹೆಗಲು ನೀಲಿಯಾಗಿ ಹೊಳೆಯುತ್ತದೆ. ಕೆಂದಳಿಲು ಮಾತ್ರ ನೆರಳಲ್ಲೂ ಕೆಂಪು, ಬಿಸಿಲಲ್ಲೂ ಕೆಂಪು. ಹೀಗ್ಯಾಕೆ?

ಸೀಮೆಸುಣ್ಣ

ಇದು ನನ್ನ ಪಾಠ, ಬಿಟ್ಟುಕೊಡಲಾರೆ. ಮೂವತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟವನು.

ಅಳಿಲಿನ ಕೆಂಪು ನಿಜವಾದ ಬಣ್ಣ. ಕೂದಲಿನೊಳಗೆ ಕೆಂಪು ಛಾಯೆಯ ಮೆಲನಿನ್ ಕಣ ತುಂಬಿರುತ್ತದೆ. ಕೂದಲನ್ನು ಅರೆದು ಪುಡಿ ಮಾಡಿದರೂ ಪುಡಿ ಕೆಂಗಂದೇ. ಕುಂಕುಮದ ಹಾಗೆ.

ಸಿಳ್ಳಾರದ ನೀಲಿ ಹಾಗಲ್ಲ. ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ನೀಲಿ ಗರಿಯ ಹಕ್ಕಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಕಥೆಯೂ ಇದೇ. ಗರಿ ಆಗಿರುವುದು ಕೆರಟಿನ್‌ನಿಂದ, ನಮ್ಮ ಉಗುರಿನ ವಸ್ತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆ, ಸ್ಪಂಜಿನ ಹಾಗೆ ಗಾಳಿಯ ಗುಳ್ಳೆ. ಬೆಳಕು ಬಿದ್ದಾಗ ನೀಲಿಯ ಅಲೆ ಮಾತ್ರ ನಮ್ಮ ಕಡೆ ಚೆಲ್ಲುತ್ತದೆ. ಉಳಿದದ್ದನ್ನು ಅಡಿಯಲ್ಲಿರುವ ಕಪ್ಪು ಪದರ ನುಂಗಿಬಿಡುತ್ತದೆ. ಬೆಳಕಿಲ್ಲದ ಕಡೆ ಆ ಕಪ್ಪು ಮಾತ್ರ ಉಳಿಯುತ್ತದೆ.

ಹಳ್ಳದ ಬದಿಯಲ್ಲಿ ಉದುರಿದ ನೀಲಿ ಗರಿ ಸಿಕ್ಕಿದರೆ ಮಗಳಿಗೆ ಹೇಳಿ, ಅದನ್ನು ಆಕಾಶಕ್ಕೆ ಹಿಡಿದು, ಬೆಳಕು ಹಿಂದಿನಿಂದ ಬರುವ ಹಾಗೆ ನೋಡಲಿ. ನೀಲಿ ಮಾಯ. ಮಾಸಿದ ಕಂದುಗಪ್ಪು ಅಷ್ಟೇ. ತಿರುಗಿಸಿ ಬೆಳಕು ಮುಂದಿನಿಂದ ಬಿದ್ದರೆ ನೀಲಿ ವಾಪಸ್. ನೋಡಿ ಗರಿಯನ್ನು ಅಲ್ಲೇ ಬಿಟ್ಟು ಬರಲಿ.

ಇನ್ನೊಂದು ಮಾತು. ನಮ್ಮ ಕಣ್ಣಿಗೆ ಮೂರು ಬಗೆಯ ಬಣ್ಣಗ್ರಾಹಕ ಕೋಶ. ಹಗಲು ಓಡಾಡುವ ಅಳಿಲುಗಳಿಗೆ ಎರಡೇ. ಹಾಡುಹಕ್ಕಿಗಳಿಗೆ ನಾಲ್ಕು, ಅತಿನೇರಳೆಯ ಕಡೆಗೂ ಅವು ನೋಡಬಲ್ಲವು. ಹಾಗಾಗಿ ಆ ಹೆಗಲಿನ ನೀಲಿ ಇನ್ನೊಂದು ಸಿಳ್ಳಾರಕ್ಕೆ ಹೇಗೆ ಕಾಣುತ್ತದೆ ಅನ್ನುವುದು ನಮ್ಮ ಕಲ್ಪನೆಗೆ ಮೀರಿದ್ದು. ಅಳಿಲಿಗೆ ತನ್ನ ಕೆಂಪು ನಮಗೆ ಕಂಡಷ್ಟು ಕೆಂಪಾಗಿ ಕಾಣುವುದೇ ಇಲ್ಲ. ಅದು ನನಗೆ ಯಾವಾಗಲೂ ಸ್ವಲ್ಪ ಬೇಸರದ ಸಂಗತಿ.

ಜಂಟಿ ವರಸೆ

ಮಡಿಕೇರಿಯಿಂದ. ಬಣ್ಣ ಬಿಡಿ, ಸ್ವರಕ್ಕೆ ಬನ್ನಿ.

ಈ ಹಕ್ಕಿಗೆ ಸರಳೆ ಸಿಳ್ಳಾರ ಅಂತ ಯಾರು ಹೆಸರಿಟ್ಟರೋ, ಅವರಿಗೆ ನನ್ನ ನಮಸ್ಕಾರ. ಸಂಗೀತ ಕಲಿತವರಿಗೆ ಸರಳೆ ವರಸೆ ಅಂದರೆ ಮೊದಲ ಪಾಠ. ಸರಿಗಮಪದನಿಸ, ಹೋಗು, ಬಾ. ಈ ಹಕ್ಕಿ ಮಾಡುವುದೂ ಅದನ್ನೇ. ಮೇಲೆ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮರೆತವರ ಹಾಗೆ ಸುಮ್ಮನಾಗುತ್ತದೆ, ಬೇರೆ ಎಲ್ಲಿಂದಲೋ ಶುರು ಮಾಡುತ್ತದೆ. ಇಂಗ್ಲಿಷರು ಇದನ್ನು ಸಿಳ್ಳೆ ಹೊಡೆಯುವ ಶಾಲೆ ಹುಡುಗ ಅಂದರು. ಕೆಲಸವಿಲ್ಲದ ಹುಡುಗ ಜೇಬಲ್ಲಿ ಕೈಯಿಟ್ಟುಕೊಂಡು ದಾರಿಯಲ್ಲಿ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಇರುತ್ತದೆ, ನಿಜ. ಆದರೆ ನಮ್ಮ ಹೆಸರೇ ಮೇಲು. ನನ್ನ ಅಜ್ಜಿ ಹೇಳುತ್ತಿದ್ದರು, ಇದಕ್ಕೆ ಪಾಪ ಜಂಟಿ ವರಸೆಗೆ ಯಾವತ್ತೂ ಬಡ್ತಿ ಸಿಗಲಿಲ್ಲ ಅಂತ.

ಮಳೆಗಾಲದಲ್ಲಿ ಬೆಳಕು ಹರಿಯುವ ಮುಂಚೆಯೇ ಶುರು. ನಮ್ಮ ಮನೆ ಹಿಂದೆ ತೊರೆ. ಜೂನ್ ತಿಂಗಳಲ್ಲಿ ಕಿಟಕಿ ಹೊರಗೆ ಏನೂ ಕಾಣದ ಕತ್ತಲು, ಹೆಂಚಿನ ಮೇಲೆ ಮಳೆ, ಅದರ ನಡುವೆ ಈ ಸಿಳ್ಳೆ. ಊರಿಂದ ಬಂದ ನೆಂಟರು ಒಮ್ಮೆ ಎದ್ದು ಬಾಗಿಲು ತೆಗೆದು ಯಾರೋ ಕರೆಯುತ್ತಿದ್ದಾರೆ ಅಂತ ಹೊರಗೆ ಹೋಗಿದ್ದರು. ಚಳಿಗಾಲದಲ್ಲಿ ಹೆಚ್ಚುಕಡಿಮೆ ಮೌನ. ಆಗ ಒಂದೇ ಒಂದು ಚೂಪಾದ "ಕ್ರೀ" ಅನ್ನುವ ಕೂಗು ಅಷ್ಟೇ.

ಕೆಂದಳಿಲಿನದ್ದು ಹಾಡಲ್ಲ ಬಿಡಿ. ಹಳೇ ಹೊಲಿಗೆ ಮೆಷಿನ್ ಓಡಿಸಿದ ಹಾಗೆ ಕಟಕಟಕಟಕಟ.

ಕಾಲುದಾರಿ

ಆ ಕಟಕಟವನ್ನು ಹಗುರ ಮಾಡಬೇಡಿ ಅಕ್ಕಾ. ಅದಕ್ಕೂ ಒಂದು ಲೆಕ್ಕ ಇದೆ.

ಅಳಿಲು ಆ ಕೂಗು ಹಾಕುವುದು ಬಹುಪಾಲು ಗಾಬರಿಯಲ್ಲಿ. ಮೇಲೆ ಕರಿಹದ್ದು ತೇಲಿ ಬಂದಾಗ, ಕೆಳಗೆ ಚಿರತೆ ಹಾದುಹೋದಾಗ. ನಾನು ಕಾಳಿ ಕಾಡಿನ ಅಂಚಲ್ಲಿ ನಡೆಯುವಾಗ ಎಷ್ಟೋ ಸಲ ಅಳಿಲಿನ ಕೂಗು ಕೇಳಿ ನಿಂತಿದ್ದೇನೆ. ಹಾಡಿಗೆ ಕೇಳುವವರು ಬೇಕು. ಈ ಕೂಗಿಗೆ ಕೇಳುವವರು ಯಾರಾದರೂ ಆದೀತು.

ಹುಡುಗಿಯ ಪ್ರಾಜೆಕ್ಟಿಗೆ ಇಲ್ಲೊಂದು ಒಳ್ಳೆಯ ಸಾಲು ಸಿಗುತ್ತದೆ. ನಮಗೂ ಅಳಿಲಿಗೂ ದನಿ ಹುಟ್ಟುವುದು ಗಂಟಲಿನ ಮೇಲ್ಭಾಗದಲ್ಲಿ, ಧ್ವನಿಪೆಟ್ಟಿಗೆಯಲ್ಲಿ. ಹಕ್ಕಿಗೆ ಹಾಗಲ್ಲ. ಅದರ ದನಿಯ ಅಂಗ ಎದೆಯ ಒಳಗೆ, ಉಸಿರಿನ ಕೊಳವೆ ಎರಡಾಗಿ ಕವಲೊಡೆಯುವ ಜಾಗದಲ್ಲಿದೆ. ಸಿರಿಂಕ್ಸ್ ಅಂತ ಹೆಸರು. ಎರಡು ಕವಲು ಇರುವುದರಿಂದ ಹಾಡುಹಕ್ಕಿ ಎಡಗಡೆಯನ್ನೂ ಬಲಗಡೆಯನ್ನೂ ಬೇರೆ ಬೇರೆಯಾಗಿ ನಡೆಸಬಲ್ಲದು. ಒಬ್ಬನೇ ಎರಡು ಕೊಳಲು ಇಟ್ಟುಕೊಂಡ ಹಾಗೆ.

ಎರಡನೆಯದು, ಹಾಡುಹಕ್ಕಿಗಳು ಹಾಡನ್ನು ಕಲಿಯುತ್ತವೆ. ಮರಿ ದೊಡ್ಡವರ ಹಾಡು ಕೇಳುತ್ತದೆ, ಮೊದಮೊದಲು ತೊದಲುತ್ತದೆ, ಆಮೇಲೆ ತಿದ್ದಿಕೊಳ್ಳುತ್ತದೆ. ಅಳಿಲಿನ ಮರಿಗೆ ಕಟಕಟ ಹೇಳಿಕೊಡುವ ಗುರು ಬೇಡ. ಹಾಗಾಗಿ ಸರಳೆ ವರಸೆ ಅನ್ನುವುದು ಬರೀ ತಮಾಷೆಯಲ್ಲ.

ಅಂದಹಾಗೆ ಹಳೇ ಪುಸ್ತಕದಲ್ಲಿ ಸಿಳ್ಳಾರವನ್ನು ತ್ರಷ್ ಕುಟುಂಬಕ್ಕೆ ಸೇರಿಸಿರುತ್ತಾರೆ. ಈಗ ನೊಣಹಿಡುಕಗಳ ಕುಟುಂಬಕ್ಕೆ ಸರಿಸಿದ್ದಾರೆ. ಟೀಚರು ಕೇಳಿದರೆ ಇರಲಿ ಅಂತ ಹೇಳಿದೆ.

ಸುಮ್ನೆ ಒಬ್ಬ

ನನಗೊಂದು ಸಂಶಯ. ಒಂದು ಮರದ ತುದಿ ಬಿಟ್ಟು ಇಳಿಯುವುದಿಲ್ಲ. ಇನ್ನೊಂದು ಹಳ್ಳ ಬಿಟ್ಟು ಹೋಗುವುದಿಲ್ಲ. ಒಂದನ್ನೊಂದು ನೋಡುವುದೂ ಇಲ್ಲವೇನೋ. ಹಾಗಿರುವಾಗ ಹೋಲಿಕೆಗೆ ಅರ್ಥ ಇದೆಯಾ? ಕೆಂದಳಿಲಿಗೆ ಹಾರುಬೆಕ್ಕನ್ನು ಹೋಲಿಸಿ, ಒಪ್ಪುತ್ತೇನೆ. ಎರಡೂ ಅಳಿಲೇ, ಒಂದು ಹಗಲಿನದ್ದು, ಒಂದು ರಾತ್ರಿಯದ್ದು. ಸಿಳ್ಳಾರಕ್ಕೆ ಭೀಮರಾಜ ಹಕ್ಕಿಯನ್ನು ಹೋಲಿಸಿ, ಅದೂ ಸರಿ. ಇದು ಮಾತ್ರ ಮಾವಿನಹಣ್ಣಿಗೂ ಮೊರಕ್ಕೂ ನಂಟು ಹಾಕಿದ ಹಾಗೆ.

ಮಳೆ ಲೆಕ್ಕ

ಸುಮ್ನೆ ಒಬ್ಬರಿಗೆ: ನೀವು ತಪ್ಪು ಅಂತ ಹೇಳುತ್ತಿಲ್ಲ. ಆದರೆ ನೀವು ಹೇಳಿದ "ಒಂದು ತುದಿ ಬಿಡುವುದಿಲ್ಲ, ಒಂದು ಹಳ್ಳ ಬಿಡುವುದಿಲ್ಲ", ನನಗೆ ಹೋಲಿಕೆ ಕಾಣುವುದೇ ಅಲ್ಲಿ. ಗೂಡು ನೋಡಿದರೆ ಗೊತ್ತಾಗುತ್ತದೆ.

ನಾನು ಆಗುಂಬೆ ಕಡೆಯವನು. ಮನೆ ಪಕ್ಕದಲ್ಲಿ ಸಣ್ಣ ಅಬ್ಬಿ ಇದೆ. ನೀರು ಬೀಳುವ ಜಾಗದ ಹಿಂದೆ ಬಂಡೆಯಲ್ಲಿ ಒಂದು ಗೇಣಗಲದ ಚಾಚು. ಅಲ್ಲೇ ಸಿಳ್ಳಾರದ ಗೂಡು. ಪಾಚಿ, ಬೇರು, ಕೆಸರು ಸೇರಿಸಿ ಮಾಡಿದ ದಪ್ಪ ಬಟ್ಟಲು. ಬಂಡೆಗೂ ಗೂಡಿಗೂ ಬಣ್ಣದ ವ್ಯತ್ಯಾಸವೇ ಇಲ್ಲ. ಒಳಗೆ ಹೋಗಬೇಕಾದರೆ ಹಕ್ಕಿ ನೀರಿನ ಪರದೆಯ ಅಂಚಿನಿಂದ ತೂರಿಕೊಳ್ಳಬೇಕು. ಎರಡರಿಂದ ನಾಲ್ಕು ಮೊಟ್ಟೆ. ಹದಿನಾರು ಹದಿನೇಳು ದಿನದ ಕಾವು. ಹಾವು ಬರುವುದು ಕಷ್ಟ, ಮಂಗ ಬರುವುದೂ ಕಷ್ಟ. ಮಳೆಗಾಲದಲ್ಲಿ ಯಾಕೆ ಮರಿ ಮಾಡುತ್ತದೆ ಅಂದರೆ, ಆಗಲೇ ಊಟ. ಏಡಿ, ಬಸವನಹುಳು, ಎರೆಹುಳು, ಸಣ್ಣ ಕಪ್ಪೆ. ಏಡಿಯನ್ನು ಕೊಕ್ಕಿನಲ್ಲಿ ಹಿಡಿದು ಕಲ್ಲಿಗೆ ಬಡಿಯುವ ಸದ್ದು ನನಗೆ ಅಂಗಳಕ್ಕೆ ಕೇಳುತ್ತದೆ. ಟಕ್, ಟಕ್, ಒಂದು ಕ್ಷಣ ಬಿಟ್ಟು ಮತ್ತೆ ಟಕ್. ಕಾಲು ಮುರಿದು ಬಿದ್ದ ಮೇಲೆ ಮೈ ಮಾತ್ರ ಎತ್ತಿಕೊಂಡು ಹೋಗುತ್ತದೆ. ಬೆಳಿಗ್ಗೆ ಬಂಡೆಯ ಮೇಲೆ ಏಡಿಯ ಕಾಲುಗಳು ಮುರಿದ ಕಡ್ಡಿಯ ಹಾಗೆ ಬಿದ್ದಿರುತ್ತವೆ.

ಜೋರು ಹರಿಯುವ ನೀರಿನ ಪಕ್ಕ ಗುನುಗಿದರೆ ಯಾರಿಗೂ ಕೇಳುವುದಿಲ್ಲ. ನೀರಿನ ಮೊರೆತ ಜಾಸ್ತಿ ಇರುವುದು ತಗ್ಗು ದನಿಯಲ್ಲಿ. ಸಿಳ್ಳೆ ಅದರ ಮೇಲಕ್ಕೆ ಎದ್ದು ನಿಲ್ಲುತ್ತದೆ. ನಾವೂ ಹೊಳೆಯ ಆಚೆ ದಡದವರನ್ನು ಕರೆಯಲು ಸಿಳ್ಳೆಯನ್ನೇ ಹಾಕುತ್ತೇವೆ ಅಲ್ವಾ?

ಕೆಂದಳಿಲಿನ ಗೂಡು ಪೂರಾ ಉಲ್ಟಾ. ಎಲೆ, ಕಡ್ಡಿ ಸೇರಿಸಿ ಫುಟ್‌ಬಾಲಿಗಿಂತ ದೊಡ್ಡ ಉಂಡೆ. ಎತ್ತರದ ಮರದ ಮೇಲ್ಗೊಂಬೆಯಲ್ಲಿ, ಪಕ್ಕದ ಮರಗಳ ಕೊಂಬೆ ತಾಗುವ ಕಡೆ. ಒಂದಲ್ಲ, ಹಲವು ಗೂಡು ಕಟ್ಟಿಕೊಂಡಿರುತ್ತದೆ. ಇವತ್ತು ಇದರಲ್ಲಿ ನಿದ್ದೆ, ನಾಳೆ ಇನ್ನೊಂದರಲ್ಲಿ. ಮರಿಗೆ ಬೇರೆ ಗೂಡು. ಹದ್ದು ಎರಗಿದರೆ ಓಡಲು ನಾಲ್ಕು ದಾರಿ ಬೇಕು, ಅದಕ್ಕೇ ಆ ಜಾಗ.

ಸಿಳ್ಳಾರ ಯಾರೂ ಬರದ ಕಡೆ ಗೂಡಿಡುತ್ತದೆ. ಕೆಂದಳಿಲು ಎಲ್ಲ ಕಡೆಗೂ ದಾರಿ ಇರುವಲ್ಲಿ. ಈ ಒಂದು ಮಾತು ಪ್ರಾಜೆಕ್ಟಿನಲ್ಲಿ ಬರಲಿ.

ಪುಣೆಯಲ್ಲಿರುವ ಕನ್ನಡಿಗ

ಇಲ್ಲಿ ನಮ್ಮ ಕೆಂದಳಿಲು ಮಹಾರಾಷ್ಟ್ರದ ರಾಜ್ಯಪ್ರಾಣಿ. ಶೇಕರೂ ಅನ್ನುತ್ತಾರೆ. ಭೀಮಾಶಂಕರದ ದೇವಸ್ಥಾನಕ್ಕೆ ಹೋದವರು ದೇವರನ್ನು ನೋಡಿ ಬಂದು ಶೇಕರೂ ಸಿಕ್ಕಿತಾ ಅಂತ ಕೇಳಿಕೊಳ್ಳುತ್ತಾರೆ. ನಮ್ಮಲ್ಲಿ ರಾಜ್ಯಪಕ್ಷಿ ನೀಲಕಂಠ, ರಾಜ್ಯಪ್ರಾಣಿ ಆನೆ. ಅಳಿಲಿಗೆ ಜಾಗ ಸಿಗಲಿಲ್ಲ.

ಭೀಮಾಶಂಕರದ ಅಳಿಲಿಗೂ ಕೊಡಗಿನ ಅಳಿಲಿಗೂ ಮೈಬಣ್ಣ ಬೇರೆ. ಇಲ್ಲಿಯದ್ದು ಪೂರ್ತಿ ಕೆಂಗಂದು, ಬಾಲದ ತುದಿ ಬಿಳಿಚು. ದಕ್ಷಿಣದ ಕಡೆಯವುಗಳಲ್ಲಿ ಹೆಗಲು ಮತ್ತು ಬಾಲ ಕಪ್ಪು. ಮೊದಲ ಸಲ ನಾಗರಹೊಳೆಯಲ್ಲಿ ನೋಡಿದಾಗ ಬೇರೆ ಪ್ರಾಣಿ ಅಂದುಕೊಂಡಿದ್ದೆ. ಹೆಸರೂ ಊರಿಗೊಂದು. ಕೆಂದಳಿಲು, ಕೇಸಳಿಲು, ಕೆಂಪಳಿಲು.

ಹಳ್ಳದಾಚೆ ಮನೆಯವರಿಗೆ ಒಂದು ವಿಷಯ ಹೇಳಲೇಬೇಕು. ನಿಮ್ಮದೇ ಮಾಗೋಡಿನ ಕಾಡಿನಲ್ಲಿ ಈ ಅಳಿಲಿನ ಬಗ್ಗೆ ಆಳವಾದ ಅಧ್ಯಯನ ನಡೆದಿದೆ. ರೆನೀ ಬೋರ್ಜಸ್ ಅನ್ನುವ ವಿಜ್ಞಾನಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು, ಮಾಗೋಡು ಮತ್ತು ಭೀಮಾಶಂಕರ ಎರಡೂ ಕಡೆ ಇವುಗಳ ಹಿಂದೆ ಬಿದ್ದು, ಏನು ತಿನ್ನುತ್ತವೆ, ಹಣ್ಣಿಲ್ಲದ ಕಾಲದಲ್ಲಿ ಹೇಗೆ ಬದುಕುತ್ತವೆ, ಅತ್ತಿ ಜಾತಿಯ ಮರಗಳ ಪಾತ್ರ ಎಷ್ಟು ಅಂತ ನೋಡಿದ್ದಾರೆ. ಅದರ ಒಂದು ಪ್ರಬಂಧ 1993ರಲ್ಲಿ ಬಂತು. ಮಗಳಿಗೆ ಹೇಳಿ, ಅವಳ ಜಗುಲಿಯ ಪ್ರಶ್ನೆಯನ್ನೇ ಇನ್ನೊಬ್ಬರು ಅವಳ ಊರಿನ ಕಾಡಲ್ಲೇ ಕೇಳಿದ್ದಾರೆ.

ಎರಡರ ಹೆಸರಲ್ಲೂ ಇಂಗ್ಲಿಷಿನಲ್ಲಿ ಮಲಬಾರ್ ಇದೆ. ಅಳಿಲನ್ನು ವಿಜ್ಞಾನದ ದಾಖಲೆಗೆ ಸೇರಿಸಿದ್ದು 1777ರಲ್ಲಿ, ಸಿಳ್ಳಾರವನ್ನು 1831ರಲ್ಲಿ. ಎರಡೂ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಸಿಳ್ಳಾರಕ್ಕೆ ಮಲಯಾಳದಲ್ಲಿ ಚೂಳಕ್ಕಾಕ್ಕ ಅನ್ನುತ್ತಾರೆ, ಸಿಳ್ಳೆ ಕಾಗೆ. ನೆರಳಲ್ಲಿ ನೋಡಿದವರೇ ಇಟ್ಟ ಹೆಸರು ಇರಬೇಕು.

ಕೊಕ್ಕೋ ಕಾಯುವವ

ನೀವೆಲ್ಲ ಇಷ್ಟು ಹೊಗಳಿದ ಮೇಲೆ ನಿನ್ನೆ ತೋಟಕ್ಕೆ ಹೋಗಿ ತೂತು ಬಿದ್ದ ಕಾಯಿ ಎಣಿಸಿದೆ. ಒಂದು ಸಾಲಿನಲ್ಲಿ ಇಪ್ಪತ್ತಮೂರು. ಇದನ್ನೂ ಪ್ರಾಜೆಕ್ಟಿನಲ್ಲಿ ಬರೆಯಲಿ.

ಕಾಲುದಾರಿ

ಬರೆಯಲಿ, ಖಂಡಿತ ಬರೆಯಲಿ. ಆದರೆ ಒಂದು ಕೇಳುತ್ತೇನೆ, ತೂತು ಎಲ್ಲಿದೆ? ತೊಟ್ಟಿನ ಹತ್ತಿರ ಇದ್ದರೆ ಬಹುಪಾಲು ಇಲಿ. ಕಾಯಿಯ ನಡುವೆ ಇದ್ದರೆ ಅಳಿಲು. ಅದರಲ್ಲೂ ಗೆರೆ ಅಳಿಲು ಮತ್ತು ಕೆಂದಳಿಲು ಬೇರೆ ಮಾಡಬೇಕು.

ತಿನ್ನುವ ವಿಷಯ ಬಂದದ್ದು ಒಳ್ಳೆಯದಾಯಿತು. ದಂಶಕ ಅನ್ನುವ ಹೆಸರು ಬಂದಿರುವುದೇ ಆ ಹಲ್ಲಿನಿಂದ. ಮುಂದಿನ ಬಾಚಿಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ. ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್, ಹಿಂಭಾಗ ಮೆತ್ತಗೆ. ಕಡಿದಷ್ಟೂ ಹಿಂಭಾಗ ಬೇಗ ಸವೆದು ಮುಂಭಾಗ ಉಳಿಯಂತೆ ಚೂಪಾಗುತ್ತದೆ. ಕಡಿಯದಿದ್ದರೆ ಅದಕ್ಕೇ ತೊಂದರೆ.

ಇದರಿಂದ ಕಾಡಿನಲ್ಲಿ ಇಬ್ಬರ ಕೆಲಸವೂ ಬೇರೆ. ಸಿಳ್ಳಾರ ಸಣ್ಣ ಹಣ್ಣು ನುಂಗಿ ಬೀಜವನ್ನು ಇನ್ನೆಲ್ಲೋ ಹಿಕ್ಕೆಯಲ್ಲಿ ಹಾಕುತ್ತದೆ. ಕೆಂದಳಿಲು ಎಷ್ಟೋ ಸಲ ಬೀಜವನ್ನೇ ಕಡಿದು ತಿಂದುಬಿಡುತ್ತದೆ. ಕಾಡು ಬೆಳೆಸುವ ಪುಣ್ಯಾತ್ಮ ಅಂತ ಅಳಿಲನ್ನು ಸುಮ್ನೆ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಅದು ತನ್ನ ಪಾಡಿಗೆ ತಿನ್ನುತ್ತದೆ ಅಷ್ಟೇ.

ಕೊಕ್ಕೋ ಕಾಯುವವ

ಹೋಗಿ ನೋಡಿ ಬಂದೆ. ಇಪ್ಪತ್ತಮೂರರಲ್ಲಿ ಹದಿನಾಲ್ಕು ತೊಟ್ಟಿನ ಹತ್ತಿರ. ಇಲಿ. ಸರಿ, ಇಷ್ಟು ವರ್ಷ ಅಳಿಲಿಗೆ ಬೈದಿದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಉಳಿದ ಅರ್ಧ ಹಾಗೇ ಇರಲಿ.

ಕೋವಿ ಹಿಡಿಯುವವನಲ್ಲ ನಾನು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನನಗೂ ಗೊತ್ತು. ತೋಟದ ಮೇಲ್ಗಡೆ ಅಜ್ಜನ ಕಾಲದ ಬಸರಿ ಮರ ಒಂದಿದೆ. ಹಣ್ಣು ಬಿಟ್ಟಾಗ ಎಲ್ಲವೂ ಅಲ್ಲೇ ಇರುತ್ತವೆ, ತೋಟಕ್ಕೆ ಇಳಿಯುವುದು ಕಡಿಮೆ. ಅದನ್ನು ಕಡಿಯಲು ಎರಡು ಸಲ ವ್ಯಾಪಾರಿ ಬಂದಿದ್ದ. ಕೊಡಲಿಲ್ಲ. ಪ್ರೀತಿಯಿಂದ ಅಲ್ಲ, ಲೆಕ್ಕಾಚಾರದಿಂದ.

ಮಳೆ ಲೆಕ್ಕ

ಲೆಕ್ಕಾಚಾರದಿಂದ ಉಳಿದ ಮರವೂ ಮರವೇ ಅಣ್ಣಾ.

ಇನ್ನೊಂದು ಹೇಳಿ ಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮೂರ ರಸ್ತೆ ಅಗಲ ಮಾಡಿದರು. ಎರಡೂ ಬದಿಯ ಮರಗಳ ತಲೆ ರಸ್ತೆಯ ಮೇಲೆ ಕೂಡಿಕೊಂಡಿತ್ತು, ಚಪ್ಪರದ ಹಾಗೆ. ಮರಕ್ಕೆ ನಂಬರ್ ಬರೆದರು, ಒಂದು ವಾರದಲ್ಲಿ ಚಪ್ಪರ ಹೋಯಿತು. ಆಮೇಲೆ ಒಂದು ಮಧ್ಯಾಹ್ನ ಕೆಂದಳಿಲು ರಸ್ತೆ ದಾಟುವುದನ್ನು ನೋಡಿದೆ. ಮರದ ಮೇಲೆ ರಾಜನ ಹಾಗೆ ಓಡುವ ಪ್ರಾಣಿ ಟಾರಿನ ಮೇಲೆ ಗೊತ್ತುಗುರಿ ಇಲ್ಲದವರ ಹಾಗೆ ಕುಪ್ಪಳಿಸುತ್ತಿತ್ತು. ನಡುವೆ ನಿಂತಿತು. ಬಸ್ಸಿನವನು ಬ್ರೇಕ್ ಹಾಕಿದ, ಅವತ್ತು ಬದುಕಿತು.

ಅದೇ ಕೆಲಸದಲ್ಲಿ ಮೋರಿ ಹಾಕುವಾಗ ಹಳ್ಳದ ಬಂಡೆ ಒಡೆದು ಮಣ್ಣು ತುಂಬಿದರು. ಮುಂದಿನ ಮಳೆಗಾಲ ಆ ಮೋರಿಯ ಹತ್ತಿರ ಸಿಳ್ಳೆ ಕೇಳಲಿಲ್ಲ. ಒಂದಿಷ್ಟು ಮೇಲಕ್ಕೆ, ಅಬ್ಬಿಯ ಹತ್ತಿರ ಮಾತ್ರ ಇದೆ. ಹಳೇ ಕಲ್ಲಿನ ಸೇತುವೆಯಡಿ, ಪಾಳು ಕಟ್ಟಡದ ಗೋಡೆಯಲ್ಲಿ ಗೂಡಿಡುವುದೂ ಉಂಟು, ಅಷ್ಟು ಹಟಮಾರಿ ಅಲ್ಲ. ಆದರೆ ಕೂರಲು ಕಲ್ಲು, ಹಿಡಿಯಲು ಏಡಿ ಬೇಕಲ್ಲ.

ಸುಮ್ನೆ ಒಬ್ಬರು ಕೇಳಿದರಲ್ಲ, ಒಂದನ್ನೊಂದು ನೋಡದವುಗಳಿಗೆ ಏನು ಹೋಲಿಕೆ ಅಂತ. ಒಂದೇ ರಸ್ತೆ ಇಬ್ಬರ ದಾರಿಯನ್ನೂ ಕಡಿಯಿತು. ಒಬ್ಬರದ್ದು ಮೇಲೆ, ಒಬ್ಬರದ್ದು ಕೆಳಗೆ.

ಸುಮ್ನೆ ಒಬ್ಬ

ಒಪ್ಪಿದೆ. ಮೊರ ವಾಪಸ್ ತೆಗೆದುಕೊಂಡೆ, ಮಾವಿನಹಣ್ಣು ಇರಲಿ.

ಹೊಳೆಮತ್ತಿ

ತಡವಾಗಿ ಬಂದೆ. ನಾನು ಮಲೆನಾಡಿನವನಲ್ಲ, ಕೊಳ್ಳೇಗಾಲದ ಕಡೆ. ಮೇಲೆ ಒಂದು, ಕೆಳಗೆ ಒಂದು ಅಂತ ತೀರಾ ಗೆರೆ ಹೊಡೆಯಬೇಡಿ. ನಮ್ಮ ಕಾವೇರಿ ವನ್ಯಧಾಮದಲ್ಲಿ ಕೆಂದಳಿಲಿನ ದಾಯಾದಿ ಒಂದಿದೆ, ಬೂದು ಬಣ್ಣದ ದೊಡ್ಡ ಅಳಿಲು. ಮೈತುಂಬ ನರೆ ಬಂದ ಹಾಗೆ ಕಾಣುತ್ತದೆ. ಸುತ್ತ ಕುರುಚಲು ಕಾಡು, ಹೊಳೆಯ ದಂಡೆಯಲ್ಲಿ ಮಾತ್ರ ಹೊಳೆಮತ್ತಿಯ ದೊಡ್ಡ ಮರಗಳ ಸಾಲು. ಅದು ಆ ಸಾಲನ್ನೇ ನೆಚ್ಚಿಕೊಂಡು ಬದುಕುತ್ತದೆ. ಮರದ ಪ್ರಾಣಿಯೇ, ಆದರೆ ನದಿ ಇಲ್ಲದಿದ್ದರೆ ಆ ಮರವೇ ಇಲ್ಲ. ಅದನ್ನು ಯಾವ ಕಡೆ ಬರೆಯುತ್ತೀರಿ?

ಹಳ್ಳದಾಚೆ ಮನೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಹೊಳೆಮತ್ತಿಯವರ ಪ್ರಶ್ನೆ ಓದಿದ ಮೇಲೆ ಮಗಳು ಪಟ್ಟಿ ಮಾಡಿದ್ದ ಹಾಳೆಯನ್ನು ಹರಿದು ಹಾಕಿದಳು. ಇವತ್ತು ಭಾನುವಾರ, ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಜಗುಲಿಯಲ್ಲಿ ಕುಳಿತು ಬರೀ ದಾರಿ ಗುರುತು ಮಾಡಿಕೊಂಡಳು. ಅಳಿಲು ಯಾವ ಮರದಿಂದ ಯಾವ ಮರಕ್ಕೆ ಹೋಯಿತು, ಹಕ್ಕಿ ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಹೋಯಿತು, ಅಷ್ಟೇ.

ಹಲಸಿನಿಂದ ನೇರಳೆಗೆ, ನೇರಳೆಯಿಂದ ಮತ್ತಿ ಮರಕ್ಕೆ, ಅಲ್ಲಿಂದ ಹಳ್ಳದ ಆಚೆಯ ಹೊನ್ನೆಗೆ. ಮೂರು ಸಲ ಹೋಗಿ ಬಂತು, ಮೂರು ಸಲವೂ ಇದೇ ದಾರಿ. ಬೇರೆ ಕಡೆ ಕೊಂಬೆ ತಾಗುವುದಿಲ್ಲ. ನಾನು ಇಷ್ಟು ವರ್ಷ ಅಲ್ಲೇ ಕುಳಿತು ಕಾಫಿ ಕುಡಿದವನು, ಒಂದು ದಿನವೂ ಗಮನಿಸಿರಲಿಲ್ಲ. ಸಿಳ್ಳಾರ ಹಳ್ಳದುದ್ದಕ್ಕೆ ಓಡಾಡುತ್ತದೆ, ಆದರೆ ಹಾಡಲು ಕೂರುವುದು ಒಂದೇ ಜಾಗ. ಮತ್ತಿ ಮರದ ಬೇರು ಹಳ್ಳಕ್ಕೆ ಇಳಿದು ಕಲ್ಲನ್ನು ಅಪ್ಪಿಕೊಂಡಿದೆಯಲ್ಲ, ಆ ಬೇರಿನ ಮೇಲೆ.

ಈಗ ಚಿತ್ರ ಬಿಡಿಸಿದ್ದಾಳೆ. ಮೇಲೆ ಕೆಂಪು ಪೆನ್ಸಿಲಿನ ಗೆರೆ, ಕೆಳಗೆ ನೀಲಿ ಗೆರೆ. ಎರಡೂ ಕೂಡುವುದು ಮತ್ತಿ ಮರದಲ್ಲಿ. ಆ ಮರ ರಸ್ತೆಗೆ ತಾಗಿಕೊಂಡಿದೆ. ಹೋದ ತಿಂಗಳು ಯಾರೋ ಬಂದು ಬಿಳಿ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಚಿತ್ರದಲ್ಲಿ ಅವಳು ಅದನ್ನೂ ಬಿಟ್ಟಿಲ್ಲ. ಕಾಂಡದ ಮೇಲೆ 47 ಅಂತ ಬರೆದಿದ್ದಾಳೆ.

ಮಳೆ ಲೆಕ್ಕ

ಪಂಚಾಯ್ತಿಯಲ್ಲಿ ಈಗಲೇ ಕೇಳಿ. ಲಿಖಿತದಲ್ಲಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ನಾವು ಕೇಳುವಷ್ಟರಲ್ಲಿ ಗರಗಸ ಬಂದಾಗಿತ್ತು. ಆ ಚಿತ್ರದ ಒಂದು ಪ್ರತಿ ಅರ್ಜಿಯ ಜೊತೆ ಲಗತ್ತಿಸಿ.

ಕೊಕ್ಕೋ ಕಾಯುವವ

ನಮ್ಮ ಕಡೆಯಿಂದಲೂ ಒಂದು ಸಹಿ ಇರಲಿ, ಅರ್ಜಿ ಬರೆದರೆ ತಿಳಿಸಿ. ಮತ್ತೆ ಚಿತ್ರದಲ್ಲಿ ಅಳಿಲಿನ ಬಾಯಿಗೆ ಕೊಕ್ಕೋ ಕೊಟ್ಟಿದ್ದಾಳಾ ಇಲ್ವಾ?